ತೊಗರಿ ಹೊಲದಲ್ಲಿ ಹೂತ ನನ್ನ ಎದೆಗೂಡು

ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದ ಎಕ್ಸ್-ರೇ ಹಾಳೆಯಲ್ಲಿ ನನ್ನ ಪಕ್ಕೆಲುಬುಗಳು ಬೆಳ್ಳಗೆ ಎದ್ದು ಕಂಡವು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಬಿಡದ ಕೆಮ್ಮಿಗಾಗಿ ಏಳು ವರ್ಷದ ಹುಡುಗಿಯಾದ ನನ್ನನ್ನು ಅಜ್ಜಿ ಕಲಬುರ್ಗಿಗೆ ಕರೆತಂದಿದ್ದಳು.

“ಎದಿಯಾಗ ಕಫ ಗಟ್ಟಿಯಾಗ್ಯಾದ, ಔಷಧ ಕೊಡ್ತೇನಿ,” ಎಂದರು ಡಾಕ್ಟರು.

ಅಜ್ಜಿ ಹಾಳೆಯಿಂದ ಕಣ್ಣು ಕೀಳಲಿಲ್ಲ. “ಸತ್ತ ಮ್ಯಾಲ ಕಾಣೋದು ಈಗೇ ಕಂಡದ್ರಿ. ಇದಕ್ಕ ಮಣ್ಣು ಕೊಡಬೇಕು,” ಎಂದು ಅದನ್ನು ಕೇಳಿ ಪಡೆದಳು.

ನಮ್ಮೂರು ನಿಂಬರ್ಗಾಕ್ಕೆ ಮರಳಿದೊಡನೆ ಹಾಳೆಗೆ ವಿಭೂತಿ ಹಚ್ಚಿ, ನನ್ನ ಹೆಸರು ಹಿಡಿದು ಅತ್ತು, ತೊಗರಿ ಹೊಲದ ಬದುವಿನಲ್ಲಿ ಹೂತಳು. ಮೂರನೆಯ ದಿನ, ಸತ್ತವರಿಗೆ ಬಿಡುವಂತೆ, ಆ ಮಣ್ಣಿನ ಮೇಲೆ ಹಾಲು-ತುಪ್ಪವನ್ನೂ ಬಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನತ್ತ ಯಾರೂ ನೋಡಲಿಲ್ಲ.

ಔಷಧದಿಂದಲೋ ಏನೋ, ಕೆಮ್ಮು ನಿಂತಿತು. ಈಗ ನನಗೆ ಮೊಮ್ಮಕ್ಕಳಿದ್ದಾರೆ. ಆದರೂ ಆ ಬದು ದಾಟುವಾಗ ಕಾಲಡಿಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಕೆಮ್ಮಿದಂತೆ ಕೇಳಿಸುತ್ತದೆ.