ಮಚ್ಚೆಗಳೇ ಬೇಕಾಗಿದ್ದ ಫೋಟೋ

ಫರೀದಾಳನ್ನು ನಾನು ಮೊದಲು ಕಂಡದ್ದು ಮೂರು ವರ್ಷದ ಹಿಂದೆ, ೧೯೮೪ರಲ್ಲಿ, ಆರ್.ಟಿ. ನಗರದ ಅವಳ ತಂದೆ ಗಯಾಸ್ ಸಾಹೇಬರ ಸ್ಟುಡಿಯೋದಲ್ಲಿ. ಪಿಂಚಣಿಗೆಂದು ತೆಗೆಸಿದ್ದ ಭಾವಚಿತ್ರ ತರಲು ಹೋಗಿದ್ದೆ. ಸಾಹೇಬರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ನನ್ನ ಸುಕ್ಕುಗಳನ್ನೆಲ್ಲ ಮಾಯ ಮಾಡಿದ್ದರು. ಯಾರ ಮುಖವನ್ನೂ ಅವರು ಹಾಗೆ ತಿದ್ದದೆ ಕೊಡುತ್ತಿರಲಿಲ್ಲ.

“ಏನ್ ಅಬ್ಬಾ ಇದು! ಪೆನ್ಷನ್ ಆಫೀಸ್‌ನೋರು ಮೇಷ್ಟ್ರನ್ನ ವಾಪಸ್ ಸ್ಕೂಲಿಗೆ ಕಳಿಸ್ತಾರೆ ಅಷ್ಟೆ,” ಎಂದು ಅವಳು ನಕ್ಕಳು.

ಅಂದಿನಿಂದ ಸಂಜೆಯ ಚಹಾ ಅಲ್ಲಿಯೇ ಆಯಿತು.

ಫರೀದಾಗೆ ಹೆಬ್ಬಾಳದಾಚೆಯ ಒಂದು ಸಂಶೋಧನಾಲಯದಲ್ಲಿ ಕೆಲಸ. ಅಲ್ಲಿ ಜಲಜನಕವನ್ನು ವಿಪರೀತ ಕಾಯಿಸಿ ಪ್ಲಾಸ್ಮಾ ಮಾಡಿ, ಪಾತ್ರೆಯ ಗೋಡೆಗೆ ತಾಗದಂತೆ ಅಯಸ್ಕಾಂತದ ಬಲದಿಂದ ಹಿಡಿದಿಡುತ್ತಿದ್ದರು. ಸೂರ್ಯನೊಳಗಿನಂತೆ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯಬೇಕೆಂಬುದು ದೂರದ ಗುರಿ. ಆದರೆ ಪ್ಲಾಸ್ಮಾದ ಅಂಚು ಕುದಿಯುವ ಸಾರಿನಂತೆ ಕಲಕಿ, ಕಾವನ್ನು ಹೊರಕ್ಕೆ ಸೋರಿಸುತ್ತದೆ. ಆ ಅಂಚಿನ ಬೆಳಕನ್ನು ಅತಿವೇಗದ ಕ್ಯಾಮೆರಾದಲ್ಲಿ ಸಾಲು ಚಿತ್ರಗಳಾಗಿ ಹಿಡಿದು, ಕಲಕಾಟವನ್ನು ಅಳೆಯುವುದು ಅವಳ ಪಾಲಿನ ಕೆಲಸ.

ಚಿತ್ರಗಳಲ್ಲಿ ಬೆಳಕಿನ ಮಚ್ಚೆಗಳು ಕಂಡವು. ಅವೆಲ್ಲ ಪಾತ್ರೆಯ ಕಿಟಕಿ ಗಾಜಿನ ಕೊಳೆಯೆಂದು ಅವಳ ಮುಖ್ಯಸ್ಥರಾದ ಆನಂದಪ್ಪನವರ ಅನುಮಾನ. ಮಚ್ಚೆಗಳು ಚಲಿಸುತ್ತವೆಂದು ತೋರಿಸಬೇಕು. ಇಲ್ಲವಾದರೆ ಕ್ಯಾಮೆರಾ ಬೇರೆಯವರ ಪಾಲು. ಪ್ಲಾಸ್ಮಾದ ಯಂತ್ರವನ್ನೂ ದುರಸ್ತಿಗೆ ಬಿಚ್ಚುವುದರಲ್ಲಿದ್ದರು; ಮತ್ತೆ ಚಿತ್ರ ತೆಗೆಯುವಂತಿರಲಿಲ್ಲ. ಕೊನೆಯ ಫಿಲ್ಮ್ ತೆಗೆದ ದಿನ ಅಲ್ಲಿ ನೀರಿರಲಿಲ್ಲ. ಅವಳು ಅದನ್ನು ಸ್ಟುಡಿಯೋದಲ್ಲಿ ತೊಳೆದು, ಒಣಗಲು ಬಿಟ್ಟು, ಊಟಕ್ಕೆ ಹೋದಳು.

ಅವಳು ಮರಳಿ ಬಂದಾಗ ನಾನೂ ಸಾಹೇಬರೂ ಚಹಾ ಕುಡಿಯುತ್ತಿದ್ದೆವು.

“ನಿನ್ ಫೋಟೋ ತುಂಬಾ ಮಚ್ಚೆ ಇತ್ತು ಬೇಟಾ. ಅರ್ಧ ನೀಟ್ ಮಾಡಿದೀನಿ.”

“ಅಬ್ಬಾ! ಅದೇನು ಮದುವೆ ಹೆಣ್ಣಾ? ಆ ಮಚ್ಚೆನೇ ನಂಗೆ ಬೇಕಾಗಿದ್ದು!”

ಸಾಹೇಬರು ಲೋಟ ಕೆಳಗಿಟ್ಟರು. ಅವಳು ಒಂದೇ ಮಾತು ಕೇಳಿದಳು: “ಚಾಕು ಹಾಕಿದ್ರಾ?”

ನೆಗೆಟಿವಿನ ಕಪ್ಪು ಚುಕ್ಕೆಗಳನ್ನು ಚಾಕುವಿನಿಂದ ಕೆರೆದರೆ ಮತ್ತೆ ಬರುವುದಿಲ್ಲ.

“ಇಲ್ಲಮ್ಮಾ, ಮಚ್ಚೆ ಕಾಣದ ಹಾಗೆ ಸುತ್ತ ಬರೀ ಪೆನ್ಸಿಲ್ ತುಂಬಿದೀನಿ. ಚಾಕು ಎತ್ತೋ ಹೊತ್ತಿಗೆ ಮೇಷ್ಟ್ರು ಬಂದ್ರು.”

“ಹಂಗಾದ್ರೆ ಅಳಿಸ್ಬೋದು, ಟರ್ಪೆಂಟೈನ್ ಕೊಡಿ.”

ಸಾಹೇಬರೇ ಹತ್ತಿ ಹಿಡಿದರು. ಮದುಮಗಳ ಮುಖ ಒರೆಸುವಷ್ಟು ನಯವಾಗಿ ಒರೆಸಿದರು. ಮಚ್ಚೆಗಳು ಒಂದೊಂದಾಗಿ ಮರಳಿ ಬಂದವು. ಫರೀದಾ ಭೂತಗನ್ನಡಿ ನನ್ನ ಕೈಗಿತ್ತಳು. “ನೋಡಿ ಸಾರ್, ಕೊಳೆ ಆಗಿದ್ರೆ ನಿಂತಲ್ಲೇ ಇರ್ತಿತ್ತು. ಇದು ನಡೀತಿದೆ.” ನಿಜ; ಒಂದು ಚಿತ್ರದಿಂದ ಮುಂದಿನದಕ್ಕೆ ಅವು ಅಂಚಿನುದ್ದಕ್ಕೂ ಸರಿದಿದ್ದವು.

ಮಾರನೆಯ ದಿನ ನಡೆದುದನ್ನೆಲ್ಲ ಅವಳೇ ಆನಂದಪ್ಪನವರಿಗೆ ಹೇಳಿದಳಂತೆ. ಪೆನ್ಸಿಲ್ ಸೋಕದ ಉಳಿದರ್ಧದಲ್ಲಿಯೂ ಅದೇ ನಡಿಗೆಯನ್ನು ಅಳೆದು ನೋಡಿದ ಮೇಲೆ ಅವರು, “ಕ್ಯಾಮೆರಾ ನೀವೇ ಇಟ್ಕೊಳ್ಳಿ. ನಿಮ್ಮ ತಂದೇನ ಮಾತ್ರ ಒಳಗೆ ಬಿಡ್ಬೇಡಿ,” ಎಂದರಂತೆ.

ಈಗ ಅವಳು ಕಾಂತಬಲವನ್ನು ಹೆಚ್ಚುಕಡಿಮೆ ಮಾಡಿದಾಗ ಮಚ್ಚೆಗಳ ಗಾತ್ರ, ವೇಗ ಹೇಗೆ ಬದಲಾಗುತ್ತವೆಂದು ಅಳೆಯುತ್ತಿದ್ದಾಳೆ. ಫಿಲ್ಮ್‌ಗಳನ್ನು ಇಂದಿಗೂ ಸ್ಟುಡಿಯೋದಲ್ಲಿಯೇ ತೊಳೆಯುತ್ತಾಳೆ. ಒಣಗುವವರೆಗೆ ಸಾಹೇಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾವಲು ನಿಂತಿರುತ್ತಾರೆ.