ಕಾಲೂ ಬರ್ಲಿ ಕಣ್ರೀ

ಬೀರು ತೆಗೆದರೆ ಇವತ್ತಿಗೂ ನುಸಿಗುಳಿಗೆಯ ಜೊತೆಗೆ ಆ ಕ್ಯಾಮೆರಾ ಚೀಲದ ರೆಕ್ಸಿನ್ ವಾಸನೆ ಬರುತ್ತದೆ. ಈ ಬೆಳಿಗ್ಗೆಯೂ ಬಂತು. ಸೊಸೆ, ಮಗ ಊಟಿಗೆ ಹೊರಟಿದ್ದಾರೆ. ಹೊಸ ಕ್ಯಾಮೆರಾ ಕೊಳ್ಳಬೇಕಂತೆ. "ಮಾವ, ಹಗುರವಾಗಿರೋದು ತಗೊಂಡ್ರೆ ಸಾಕಲ್ವಾ?" ಎಂದಳು. ನಾನು ಬೀರುವಿನೊಳಗೆ ಏನೋ ಹುಡುಕುವವನಂತೆ ನಿಂತೆ.

ಹಗುರದ ವಿಷಯದಲ್ಲಿ ನಾನು ದೊಡ್ಡ ಪಂಡಿತ ಸ್ವಾಮಿ. ತೊಂಬತ್ತರ ದಶಕದಲ್ಲಿ ಹುಣಸೂರಿನ ಅಂಗಡಿಯವರು ಎರಡು ಕ್ಯಾಮೆರಾ ಮುಂದಿಟ್ಟಿದ್ದರು. ಒಂದು, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದ ಲೆನ್ಸಿನದು. ಇನ್ನೊಂದು, ಅಂಗಿ ಜೇಬಿಗೆ ಹಿಡಿಯುವಂಥದು. ನಾನು ದೊಡ್ಡದನ್ನು ಕತ್ತಿಗೆ ಹಾಕಿಕೊಂಡು ಕನ್ನಡಿಯಲ್ಲಿ ಗತ್ತು ನೋಡಿಕೊಳ್ಳುತ್ತಿದ್ದೆ. ಹೆಂಡತಿ ಜಯಮ್ಮ ನಕ್ಕುಬಿಟ್ಟಳು. "ಆ ಗುಂಡ್ಕಲ್ಲು ಯಾಕ್ರೀ? ಬಸ್ಸಲ್ಲಿ ನಿಂತ್ಕೊಂಡು ಓಗೋರು ನಾವು. ಜೇಬಿಗಿಡ್ಯೋದು ತಗೊಳ್ಳಿ." ತಗೊಂಡೆ.

ಆಮೇಲೆ ಭಾನುವಾರ ಬಂದರೆ ಬುತ್ತಿ ಕಟ್ಟಿಕೊಂಡು ಹೊರಡುವುದೇ. ಒಮ್ಮೆ ಚುಂಚನಕಟ್ಟೆಯ ಜಲಪಾತ, ಒಮ್ಮೆ ಕಬಿನಿ ಹಿನ್ನೀರು. ಮೊದಲ ರೀಲಿನಲ್ಲಿ ಜಲಪಾತಕ್ಕಿಂತ ನನ್ನ ಬೆರಳೇ ಚೆನ್ನಾಗಿ ಬಂದಿತ್ತು.

ನಮ್ಮ ಕಡೆ ಎದೆಮಟ್ಟದ ಫೋಟೊ ಎಂದರೆ ಸತ್ತವರದು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಹಿರಿಯರೆಲ್ಲ ಹಾಗೇ ಇದ್ದಾರೆ. ಬದುಕಿರುವವರದು ಅಡಿಯಿಂದ ಮುಡಿವರೆಗೆ ಬರಬೇಕು. "ಕಾಲೂ ಬರ್ಲಿ ಕಣ್ರೀ, ಇಂದಕ್ಕೋಗಿ. ಅರ್ಧ ತೆಗ್ದು ಗೋಡೆಗೆ ನೇತಾಕ್ಬೇಕು ಅಂತಿದ್ದೀರಾ? ನಾನಿನ್ನೂ ಬದ್ಕಿವ್ನಿ!" ಎನ್ನುವಳು. ಬೆಟ್ಟದಪುರದ ಮೆಟ್ಟಿಲ ಮೇಲೆ ನಾನು ಹಿಂದೆ ಹಿಂದೆ ಹೋಗಿ ಬೀಳುವುದೊಂದು ಬಾಕಿ. ಒಂದೇ ಒಂದು ಸಲ ಬೈಲಕುಪ್ಪೆಯಲ್ಲಿ ಅವಳು ಟೋಪಿಗೆ ಚೌಕಾಸಿ ಮಾಡುವಾಗ ಸದ್ದಿಲ್ಲದೆ ಹತ್ತಿರ ಹೋಗಿ ಕ್ಲಿಕ್ಕಿಸಿದೆ. ಅಷ್ಟರಲ್ಲಿ ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದಳು.

ಕ್ಯಾಮೆರಾ ಕೊಂಡ ಮೂರ್ನಾಲ್ಕು ವರ್ಷಕ್ಕೆ ಒಂದು ಜ್ವರ, ಮೈಸೂರಿನ ಆಸ್ಪತ್ರೆ, ಅಷ್ಟೇ. ಹೋಗೇಬಿಟ್ಟಳು. ತಿಥಿಗೆ ಫೋಟೊ ಬೇಕಲ್ಲ. ಮದುವೆಯ ಫೋಟೊದಲ್ಲಿ ತಲೆ ತಗ್ಗಿಸಿದ್ದವಳು. ಉಳಿದವನ್ನೆಲ್ಲ ಹೊತ್ತುಕೊಂಡು ಸ್ಟುಡಿಯೊಗೆ ಹೋದೆ. ಅಲ್ಲಿಯವನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಎಲ್ಲದರಲ್ಲೂ ಮುಖ ರಾಗಿ ಕಾಳಿನಷ್ಟು. "ಇದ್ನ ದೊಡ್ಡದು ಮಾಡುದ್ರೆ ಬರೀ ಚುಕ್ಕಿ ಬತ್ತದೆ ಸಾರ್. ಅತ್ರದಿಂದ ತೆಗ್ದಿರೋದು ಒಂದೂ ಇಲ್ವಾ?" ಇತ್ತು. ಸೆರಗಿನದು.

ಕೊನೆಗೆ ಬೆಟ್ಟದಪುರದ ಫೋಟೊಗೇ ಕಟ್ಟು ಹಾಕಿಸಿದೆ. ಹೇಳಲು ಭಯವಾಗುತ್ತದೆ, ಆದರೂ ಹೇಳುತ್ತೇನೆ: ಅವಳ ಮುಖ ನನಗೀಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಕಾಲುಂಗುರ ಕಾಣುತ್ತದೆ, ಸವೆದ ಚಪ್ಪಲಿ ಕಾಣುತ್ತದೆ. ಅದರ ಮೇಲಕ್ಕೆ ಏನೂ ಇಲ್ಲ.

"ಭಾರದ್ದೇ ತಗೊಳ್ಳಮ್ಮ. ಹತ್ರದಿಂದ ತೆಗೆಸ್ಕೊ," ಎಂದೆ ಸೊಸೆಗೆ. ಅವಳಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದಳು. ಶುಕ್ರವಾರವಾದ್ದರಿಂದ ಅತ್ತೆಯ ಫೋಟೊಗೆ ಹೂ ಮುಡಿಸಿ, ಮುತ್ತೈದೆಯಾಗಿ ಹೋದವಳೆಂದು ಹಣೆಗೆ ಕುಂಕುಮ ಇಟ್ಟು ಒಳಗೆ ಹೋದಳು. ಎಷ್ಟು ಚಿಕ್ಕದಾಗಿ ಇಟ್ಟರೂ ಆ ಒಂದು ಬೊಟ್ಟಿಗೆ ಮುಖವೆಲ್ಲ ಮುಚ್ಚಿಹೋಗುತ್ತದೆ.

ಯಾರೂ ಇಲ್ಲದ್ದು ನೋಡಿ, ಪಂಚೆಯ ಅಂಚಿನಿಂದ ಗಾಜು ಒರೆಸಿದೆ. ಕುಂಕುಮ ಹೋಯಿತು. ಮುಖ ಬರಲಿಲ್ಲ.