ಕೊಕ್ಕೆ ಕಳಚಿದ ಐದು ಜಿಗ್‌ಗಳು

ನಾನು ಸಮುದ್ರ ನೋಡಿದ್ದು ಈ ಜನ್ಮದಲ್ಲಿ ಎರಡೇ ಸಲ. ಎರಡು ಸಲವೂ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮೊದಲ ಅಲೆ ಬಂದ ಕೂಡಲೇ ಹಿಂದಕ್ಕೆ ಓಡಿದ್ದೆ. ಅಂಥ ನಾನು ಆರ್.ಟಿ. ನಗರದ ಒಂದು ಅಂಗಡಿಯಲ್ಲಿ ನಿಂತು, ಕಡಲಿನ ಮೀನು ಹಿಡಿಯಲು ಯಾವ ಜಿಗ್ ಒಳ್ಳೆಯದು ಎಂದು ಒಂದೂವರೆ ಗಂಟೆ ತಲೆ ಕೆಡಿಸಿಕೊಂಡೆ ಎಂದರೆ ನಮ್ಮ ಬಾಗಲಕೋಟೆಯ ನೆಂಟರು ಯಾರೂ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ಮನೆಯೊಳಗೆ ಮೊಟ್ಟೆಯನ್ನೂ ತರದ ಜನ ನಾವು.

ಕಾರಣ ಮಗಳು. ಅವಳು ಯಲಹಂಕದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅದೇ ಕಾಲೇಜಿನಲ್ಲಿ ಪಾಠ ಹೇಳುವ ಉಡುಪಿ ಕಡೆಯ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಅವನ ತಾಯಿ ತೀರಿಕೊಂಡು ವರ್ಷಗಳಾಗಿವೆ, ಇರುವುದು ತಂದೆ ಒಬ್ಬರೇ. ಮಗಳು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು: "ಅಪ್ಪಾ, ಅವರಪ್ಪ ಹೂಂ ಅನ್ನದೆ ಅವನು ಮದ್ವೆ ಆಗಲ್ಲ. ಆಗ್ತೀನಿ ಅಂದ್ರೂ ನಾನು ಒಪ್ಪಲ್ಲ. ಇರೋ ಒಬ್ಬ ಮಗನ್ನ ಅವರಿಂದ ಕಿತ್ಕೊಂಡು ಬರಕ್ಕಾಗಲ್ಲ ನಂಗೆ." ಅಲ್ಲಿಗೆ ಎಲ್ಲ ಆ ಒಬ್ಬ ಮನುಷ್ಯನ ಒಂದು 'ಹೂಂ' ಮೇಲೆ ನಿಂತಿತು.

ಆ ಮನುಷ್ಯ ಮಗನ ಮನೆಗೆಂದು ಯಲಹಂಕಕ್ಕೆ ಬಂದವರು ಒಂದು ಭಾನುವಾರ ಮಾಕಳಿಯ ನಮ್ಮ ಮನೆಗೂ ಬಂದರು. ಎತ್ತರದ ಆಳು, ಬಿಸಿಲಿಗೆ ಕಪ್ಪಾದ ಮುಖ, ಮಾತೇ ಇಲ್ಲ. ರೊಟ್ಟಿ ತಿಂದರು, ಎಣಗಾಯಿ ತಿಂದರು, ಶೇಂಗಾ ಚಟ್ನಿಯನ್ನು ಎರಡನೇ ಸಲವೂ ಹಾಕಿಸಿಕೊಂಡರು. ಆದರೆ ನಾನು ಏನು ಕೇಳಿದರೂ "ಹೌದು", "ಉಂಟು", "ಇಲ್ಲ". ನನಗೆ ಒಳಗೊಳಗೇ ಸಿಟ್ಟು ಬರತೊಡಗಿತು. ಹೆಣ್ಣಿನ ಮನೆಯವರನ್ನು ಹೀಗೂ ಸತಾಯಿಸುವುದುಂಟೇ? ಕೊನೆಗೆ ಬೇರೆ ದಾರಿ ಕಾಣದೆ, "ದಿನಾ ಹ್ಯಾಂಗ ಕಳೀತೀರಿ ಸರ್?" ಎಂದೆ.

ಅಷ್ಟೇ ನೋಡಿ, ಮನುಷ್ಯನ ಮುಖವೇ ಬದಲಾಯಿತು. ಸಂಜೆಯಾದರೆ ಕಡಲ ಬಂಡೆಯ ಮೇಲೆ ನಿಂತು ಗಾಳ ಹಾಕುತ್ತಾರಂತೆ. ಹುಳು, ಸಿಗಡಿ ಏನೂ ಇಲ್ಲ, ಬರೀ ಜಿಗ್. ಜಿಗ್ ಎಂದರೆ ಸೀಸದ ಪುಟ್ಟ ಮೀನು. ಅದನ್ನು ದೂರ ಎಸೆದು ಎಳೆಯುತ್ತಿದ್ದರೆ ದೊಡ್ಡ ಮೀನು ನಿಜವೆಂದು ನಂಬಿ ಬಾಯಿ ಹಾಕುತ್ತದೆ ಎಂದು ಕೈಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದರು. "ಜಿಗ್ ಸರಿ ಇದ್ರೆ ಅರ್ಧ ಕೆಲಸ ಆಯ್ತು ಮಾರಾಯ್ರೆ. ಒಳ್ಳೆ ಒಳ್ಳೆ ಜಿಗ್ ಎಲ್ಲ ಹೋದ ಮಳೆಗಾಲಕ್ಕೆ ಮುಂಚೆ ಬಂಡೆಗೆ ಸಿಕ್ಕಿ ಹೋದ್ವು" ಎಂದು ನಿಜವಾಗಿಯೂ ದುಃಖಪಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಅದನ್ನು ನೋಡಿದರು. ನೋಡಿದ ಮೇಲೆ ಮತ್ತೆ ಬಾಯಿ ಬಿಡಲಿಲ್ಲ. ಹೊರಡುವಾಗ, "ಊರಿಗೆ ಹೋಗುವ ಮೊದಲು ಬರುವ ಭಾನುವಾರ ಇನ್ನೊಮ್ಮೆ ಬರ್ತೇನೆ. ನೋಡುವ" ಎಂದರು.

ಈ 'ನೋಡುವ' ಎಂದರೆ ಏನು? ಹೌದೋ, ಅಲ್ಲವೋ? ವಾರವಿಡೀ ನನಗೆ ಇದೇ ಚಿಂತೆ. ಮಗಳನ್ನು ಕೇಳಿದರೆ "ಗೊತ್ತಿಲ್ಲ ಅಪ್ಪಾ, ಅವರು ಎಲ್ಲದಕ್ಕೂ ಹಂಗೇ ಅಂತಾರಂತೆ" ಎಂದಳು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾ ಕೂರುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇನ್ನೊಂದು ಕಡೆ, ಮೀನು ಹಿಡಿಯುವವರ ಮನೆಗೆ ಮಗಳನ್ನು ಕೊಡಲು ನನ್ನ ಮನಸ್ಸು ಪೂರ್ತಿ ಒಪ್ಪಿತ್ತೇ? ಅದೂ ಇಲ್ಲ. ಅವರು ಬೇಡವೆಂದರೆ ಸಮಾಧಾನವಾಗಬೇಕಾದ ಮನುಷ್ಯ ನಾನು, ಬೇಕೆನ್ನಲಿ ದೇವರೇ ಎಂದು ಕೈಮುಗಿಯುತ್ತಿದ್ದೆ. ನನ್ನ ತಲೆಗೆ ಏನಾಗಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಹೊಳೆಯಿತು: ಅವರ ಕಳೆದುಹೋದ ಜಿಗ್‌ಗಳ ಬದಲಿಗೆ ಹೊಸವನ್ನು ಕೊಡುವುದು. ಲಂಚವೆನ್ನಿ ಬೇಕಾದರೆ.

ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಯಶವಂತಪುರದಲ್ಲಿ ಇಳಿದು, ಹೆಬ್ಬಾಳದ ಬಸ್ಸು ಹಿಡಿದು ಗಂಗಾನಗರದಲ್ಲಿ ಇಳಿದೆ. ಅಲ್ಲಿಂದ ಆರ್.ಟಿ. ನಗರದ ಕಡೆ ನಡೆದರೆ ಆ ಅಂಗಡಿ. ಮುಂಭಾಗದಲ್ಲಿ ಗಾಜಿನ ತೊಟ್ಟಿಗಳಲ್ಲಿ ಬಣ್ಣಬಣ್ಣದ ಮೀನು ಸಾಕಿ ಮಾರುತ್ತಾರೆ. ಹಿಂಭಾಗದ ಗೋಡೆಯ ತುಂಬ ಮೀನು ಹಿಡಿಯುವ ಸಾಮಾನು. ಮುಂದಿನ ಮೀನುಗಳು ದಿನವಿಡೀ ಹಿಂದಿನ ಗೋಡೆಯನ್ನೇ ನೋಡುತ್ತಿರುತ್ತವೆ. ನಾನಾಗಿದ್ದರೆ ಅನ್ನ ನೀರು ಬಿಡುತ್ತಿದ್ದೆ.

ಅಂಗಡಿಯವರು ನನ್ನ ವಯಸ್ಸಿನವರೇ, ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. "ಕಡಲಿಗೆ ಜಿಗ್ ಬೇಕು" ಎಂದೆ.

"ದಡದಿಂದ ಹಾಕ್ತೀರಾ, ಬೋಟಿಂದಾನಾ ಸಾರ್?"

"ಬಂಡೆಯಿಂದ."

"ನೀರು ಎಷ್ಟು ಆಳ ಇರುತ್ತೆ ಅಲ್ಲಿ?"

"ಗೊತ್ತಿಲ್ಲ."

"ಗಾಳದ ರಾಡ್ ಎಷ್ಟು ಗ್ರಾಂ ತಡೆಯುತ್ತೆ? ಹಿಡಿಯ ಮೇಲ್ಗಡೆ ಬರ್ದಿರುತ್ತೆ ನೋಡಿ."

"ನೋಡಿಲ್ಲ."

"ಹೋಗ್ಲಿ, ಯಾವ ಮೀನಿಗೆ ಸಾರ್?"

ಮೀನುಗಳಲ್ಲಿ ಜಾತಿಯಿದೆ ಎಂಬುದು ಗೊತ್ತಿತ್ತು, ಹೆಸರು ಒಂದೂ ನೆನಪಾಗಲಿಲ್ಲ. ಅಂಗಡಿಯವರು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ನನ್ನನ್ನು ನೋಡಿದರು. "ಸಾರ್, ನೀವು ಯಾವತ್ತಾದ್ರೂ ಮೀನು ಹಿಡ್ದಿದ್ದೀರಾ?"

"ತಿಂದೂ ಇಲ್ಲ" ಎಂದೆ. ಅವರು ನಕ್ಕು ಸ್ಟೂಲು ಎಳೆದು ಕೊಟ್ಟರು.

ಆಮೇಲೆ ಶುರುವಾಯಿತು ಪಾಠ. ಉದ್ದ ತೆಳು ಜಿಗ್ ಬೇಗ ಮುಳುಗುತ್ತದೆ. ಚಪ್ಪಟೆಯದು ಓಲಾಡಿಕೊಂಡು ನಿಧಾನ ಇಳಿಯುತ್ತದೆ. ನೀರು ತಿಳಿಯಾಗಿದ್ದರೆ ಬೆಳ್ಳಿಯ ಬಣ್ಣ, ಕದಡಿದ್ದರೆ ಗುಲಾಬಿ. ಗಾಳಿ ಜೋರಿದ್ದರೆ ತೂಕದ್ದು ಬೇಕು, ಆದರೆ ತೂಕ ಜಾಸ್ತಿಯಾದರೆ ರಾಡ್ ಮುರಿಯುತ್ತದೆ. ಬಾಲಕ್ಕೆ ಮೂರು ಕೊಕ್ಕೆ ಇರುವುದು ಬಂಡೆಗೆ ಸಿಕ್ಕಿಕೊಳ್ಳುತ್ತದೆ, ತಲೆಗೆ ಒಂದೇ ಕೊಕ್ಕೆ ಇರುವುದು ಅಷ್ಟು ಸಿಕ್ಕಿಕೊಳ್ಳುವುದಿಲ್ಲ. ನಾನು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದೆ. ಒಂದು ತಲೆಗೆ ಹೋಗುವಷ್ಟರಲ್ಲಿ ಹಿಂದಿನದು ಜಾರಿ ಹೋಗುತ್ತಿತ್ತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಹೇಳುತ್ತಿದ್ದವನು, ಎರಡಿಂಚಿನ ಸೀಸದ ತುಂಡಿನ ಮುಂದೆ ಪೆದ್ದನಂತೆ ಕೂತಿದ್ದೆ. ನಾಚಿಕೆಯಾಯಿತು.

ಗೊಂದಲವಾದಾಗ ಎಲ್ಲದರಲ್ಲೂ ಒಂದೊಂದು ತೆಗೆದುಕೊಳ್ಳುವುದು ನಮ್ಮ ಮನೆತನದ ರೋಗ. ಸಿಹಿತಿಂಡಿ ಅಂಗಡಿಯಲ್ಲೂ ಹೀಗೇ ಮಾಡುತ್ತೇವೆ. ಇಪ್ಪತ್ತು, ಮೂವತ್ತು, ನಲವತ್ತು, ಅರವತ್ತು, ಎಂಬತ್ತು ಗ್ರಾಂ ಎಂದು ಐದು ಜಿಗ್ ಕಟ್ಟಿಸಿದೆ. ಶುಭಕಾರ್ಯಕ್ಕೆ ಐದು ಒಳ್ಳೆಯದು. "ಎಂಬತ್ತು ಬೇಡ ಸಾರ್, ಅದು ಬೋಟಿಗೆ" ಎಂದು ಅವರು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಮೂವತ್ತರದ್ದು ಮಾತ್ರ ಗುಲಾಬಿ, ಉಳಿದವು ಬೆಳ್ಳಿ, ನೀಲಿ.

ಮನೆಯಲ್ಲಿ ಡಬ್ಬಿ ತೆರೆದರೆ ಮಗಳು ಗುಲಾಬಿಯದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಅಯ್ಯೋ, ಕಣ್ಣು ಬೇರೆ ಬರ್ದಿದಾರೆ!" ಎಂದು ಆ ವಾರದಲ್ಲಿ ಮೊದಲ ಸಲ ನಕ್ಕಳು. ಹೆಂಡತಿ ನಗಲಿಲ್ಲ.

"ಇದೇನ್ರೀ ಇದು? ಕೊಕ್ಕಿ ಅದಾವಲ್ರೀ ಇದಕ್ಕ!"

"ಇಲ್ಲಂದ್ರ ಮೀನಿಗೆ ಕುಂಕುಮ ಹಚ್ಚಿ ಕರಕೊಂಡ್ ಬರ್ತಾರೇನು?"

"ಚ್ಯಾಷ್ಟಿ ಸಾಕ್ರಿ. ಸೂಜಿ, ಕತ್ತರಿ ಯಾರಾದ್ರೂ ಕೈಯಾಗ ಕೊಡ್ತಾರೇನು? ಅದೂ ಲಗ್ನದ ಮಾತಿನಾಗ! ಸಂಬಂಧ ಹರದು ಹೋಗ್ತೈತ್ರೀ."

ನಾನು ನಂಬುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಮಗಳ ಮುಖ ನೋಡಿದೆ, ಹೆದರಿಕೆಯಾಯಿತು. ಹೆದರಿದವನು ಏನನ್ನಾದರೂ ನಂಬುತ್ತಾನೆ. ನೋಸ್ ಪ್ಲೈಯರ್ ತಂದು, ಕೊಕ್ಕೆ ಸಿಕ್ಕಿಸಿದ್ದ ಪುಟ್ಟ ಉಂಗುರಗಳನ್ನು ಬಿಡಿಸಿ, ಒಂದೊಂದೇ ಕೊಕ್ಕೆಯನ್ನು ಕಳಚಿದೆ. ಒಂದು ಗೀರೂ ಬೀಳದಂತೆ ಕಳಚಿದ್ದಕ್ಕೆ ನನಗೆ ಹೆಮ್ಮೆಯೂ ಆಯಿತು. ಕೊಕ್ಕೆಗಳನ್ನು ಹೆಂಡತಿ ಒಂದು ಖಾಲಿ ಕುಂಕುಮದ ಭರಣಿಗೆ ಹಾಕಿ ಅಡುಗೆಮನೆಯಲ್ಲಿ ಇಟ್ಟಳು. ಬೋಳು ಜಿಗ್‌ಗಳನ್ನು ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿ ಜೋಡಿಸಿದಳು. ಕೊಕ್ಕೆಯನ್ನು ಆಮೇಲೆ ಬೇರೆಯಾಗಿ ಕೊಡೋಣ ಎಂದುಕೊಂಡೆವು. ಆಮೇಲೆ ಎಂದರೆ ಯಾವಾಗ, ಹೇಗೆ ಎಂದು ಇಬ್ಬರೂ ಯೋಚಿಸಲಿಲ್ಲ.

ಭಾನುವಾರ ಅವರು ಮಗನ ಜೊತೆ ಬಂದರು. ಚಹಾ ಆಯಿತು. ನಾನು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಕೊಟ್ಟೆ. ಜಿಗ್ ಕಂಡ ಕೂಡಲೇ ಅವರ ಕಣ್ಣು ಅರಳಿದವು. "ಎಂತ ಮಾರಾಯ್ರೆ ಇದೆಲ್ಲ!" ಎನ್ನುತ್ತಾ ಒಂದನ್ನು ಎತ್ತಿದರು. ತಿರುಗಿಸಿ ನೋಡಿದರು. ಇನ್ನೊಂದನ್ನು ಎತ್ತಿದರು. ಐದನ್ನೂ ನೋಡಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು.

"ಕೊಕ್ಕೆ ಎಲ್ಲ ತೆಗೆದಿದ್ದೀರಿ."

"ಹೌದ್ರಿ, ನಾನೇ ತಗದೆ" ಎಂದೆ, ಹೆಮ್ಮೆಯಿಂದ. ಕತ್ತೆ ನಾನು.

"ಅರ್ಥ ಆಯ್ತು" ಎಂದರು. ಮುಖ ಕಪ್ಪಿಟ್ಟಿತ್ತು. "ನಾನು ಮೀನು ಹಿಡಿಯುದು ನಿಮಗೆ ಆಗುದಿಲ್ಲ. ಅವತ್ತೇ ಗೊತ್ತಾಯ್ತು ನನಗೆ. ಬಾಯಲ್ಲಿ ಹೇಳಿದ್ರೆ ಸಾಕಿತ್ತು, ಮನೆಗೆ ಬಂದವನಿಗೆ ಹೀಗೆ ಪಾಠ ಕಲಿಸ್ಬೇಕಿತ್ತಾ? ನಿಮ್ಮ ಮಗಳು ಬರ್ತಾಳೆ ಅಂತ ನಾನು ಕಡಲು ಬಿಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ." ಎದ್ದು ನಿಂತರು. ಹುಡುಗ "ಅಪ್ಪಾ, ಅಪ್ಪಾ" ಎನ್ನುತ್ತಿದ್ದ. ಮಗಳು ಗೋಡೆ ಹಿಡಿದುಕೊಂಡಳು.

ಇಲ್ಲ ಎನ್ನಬೇಕು, ಏನು ಇಲ್ಲ ಎನ್ನಬೇಕು? ಸಂಬಂಧ ಹರಿಯಬಾರದೆಂದು ಮಾಡಿದ ಕೆಲಸದಿಂದಲೇ ಕಣ್ಣೆದುರು ಸಂಬಂಧ ಹರಿಯುತ್ತಿತ್ತು. ಸಿಟ್ಟು ಯಾರ ಮೇಲೆ ಬರಬೇಕೆಂದೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಗೆ ಓಡಿದಳು. ಭರಣಿ ಹಿಡಿದುಕೊಂಡು ಬಂದು, ಅವರ ಕಾಲ ಮುಂದೆ ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಎಲ್ಲಾ ಕೊಕ್ಕಿ ಇದರಾಗ ಅದಾವ್ರೀ ಅಣ್ಣಾರ. ಚೂಪ ಸಾಮಾನ ಕೈಯಾಗ ಕೊಡಬಾರದ್ರಿ. ಕೊಟ್ರ ಸಂಬಂಧ ಉಳಿಯಂಗಿಲ್ಲ. ನೀವ ತಗೋರಿ" ಎಂದಳು. "ನಾವು ಮೀನ ಮುಟ್ಟಂಗಿಲ್ಲ, ಖರೆ. ನೀವು ಬಿಡ್ರಿ ಅಂತ ಹೇಳಾಕ ನಾವ್ಯಾರ್ರೀ?"

ಅವರು ಭರಣಿಯನ್ನು ನೋಡುತ್ತಾ ನಿಂತರು. ಆಮೇಲೆ ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು ನೆಲದ ಮೇಲೆಯೇ ಕೂತರು. ಮುಚ್ಚಳ ತೆಗೆದರು. ಕುಂಕುಮ ಮೆತ್ತಿದ ಕೊಕ್ಕೆಗಳು.

"ನನ್ನ ಹೆಂಡತಿಯೂ ಹೀಗೇ" ಎಂದರು. "ಸೂಜಿ ಕೇಳಿದ್ರೆ ನೆಲಕ್ಕೆ ಇಟ್ಟು, ತಗೊಳ್ಳಿ ಅಂತಿದ್ಲು. ಅವಳು ಹೋದ ಮೇಲೆ ನನಗೆ ಯಾರೂ ಹಾಗೆ ಕೊಟ್ಟಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಪ್ಲೈಯರ್ ಉಂಟಾ?"

ನಾನು ತಂದುಕೊಟ್ಟೆ. ಅಲ್ಲ, ಅವರ ಪಕ್ಕ ನೆಲದ ಮೇಲಿಟ್ಟೆ, ನನಗೂ ಅಷ್ಟು ಭಯ ಹತ್ತಿತ್ತು. ಅವರು ಒಂದೊಂದೇ ಜಿಗ್ ಎತ್ತಿ ತೀರ್ಪು ಕೊಡತೊಡಗಿದರು. "ಈ ಎಂಬತ್ತು ಎಂತಕ್ಕೆ? ಬೋಟಿನವರಿಗೆ ಕೊಡುವ. ಅರವತ್ತಕ್ಕೆ ನನ್ನ ರಾಡ್ ಎರಡು ತುಂಡು ಆಗ್ತದೆ. ಇಪ್ಪತ್ತು ಗಾಳಿಗೆ ವಾಪಸ್ ನನ್ನ ಮೂತಿಗೇ ಬರ್ತದೆ. ನಲವತ್ತು ಆಗ್ತದೆ." ಮೂರು ಮುಳ್ಳಿನ ಕೊಕ್ಕೆಗಳನ್ನು ಬದಿಗೆ ಸರಿಸಿ, ನಲವತ್ತರ ತಲೆಗೆ ಒಂದೇ ಒಂದು ಕೊಕ್ಕೆ ಹಾಕಿದರು. ಕೊನೆಗೆ ಗುಲಾಬಿಯದನ್ನು ಎತ್ತಿ ಬೆಳಕಿಗೆ ಹಿಡಿದರು. ಮಳೆಗಾಲ ಮುಗಿದ ಮೇಲೆ ಕದಡಿರುವ ತಮ್ಮೂರ ನೀರಿಗೆ ಇದೇ ಸರಿ ಎಂದರು. ಆದರೆ ಕೊಕ್ಕೆ ಹಾಕಲಿಲ್ಲ. ಹಾಗೆಯೇ ಅಂಗಿಯ ಜೇಬಿಗೆ ಇಳಿಸಿದರು.

"ಅದಕ್ಕ ಕೊಕ್ಕಿ?" ಎಂದೆ.

"ಈಗ ಬೇಡ. ಅಕ್ಕ ಹೇಳಿದ್ದು ಸರಿ ಉಂಟು, ಶುಭಕಾರ್ಯ ಮುಗಿಯುವವರೆಗೆ ಇದು ಹೀಗೇ ಇರ್ಲಿ. ಸೊಸೆ ಮನೆಗೆ ಬಂದ ಸಂಜೆ ಹಾಕ್ತೇನೆ" ಎಂದು ಭರಣಿಯ ಮುಚ್ಚಳ ತಿರುಗಿಸಿದರು.

ಮಗಳು ಒಳಕ್ಕೆ ಓಡಿದಳು. ಹುಡುಗ ಮುಖ ಆ ಕಡೆ ತಿರುಗಿಸಿಕೊಂಡ. ನಾನು ಮಾತ್ರ ನೆಲದ ಮೇಲಿದ್ದ ಎಂಬತ್ತು ಗ್ರಾಮಿನ ಜಿಗ್ ನೋಡುತ್ತಾ ಕೂತಿದ್ದೆ. ಅವರನ್ನು ಗೇಟಿನವರೆಗೆ ಬಿಟ್ಟು ಬಂದ ಮೇಲೆ ಹೆಂಡತಿಯನ್ನು ಕೇಳಿದೆ: "ಎಲ್ಲಾ ಆತು, ಹೂಂ ಅಂತ ಒಮ್ಮೆಯಾದ್ರೂ ಅಂದ್ರೇನು ಅವರು?"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸೊಸಿ ಅಂದ್ರಲ್ರೀ, ಸೊಸಿ! ಇನ್ನ ಹ್ಯಾಂಗ ಹೇಳ್ಬೇಕ್ರೀ ನಿಮಗ?"